ಮೀಟರಮ್ಮನ ಮೇಜು

ಮಕ್ಕಳೇ, ಹೋದ ತಿಂಗಳು ನಾನು ಕುಂದೂರಿನ ಕಡೆ ಒಂದು ತಿಥಿಗೆ ಹೋಗಿದ್ದೆನಲ್ಲ, ಅದು ಯಾರದು ಎಂದು ಕೇಳಿದಿರಿ. "ನಮ್ಮ ಅಕ್ಕನದು" ಎಂದೆ. "ನಿನಗೆ ಅಕ್ಕನೇ ಇಲ್ವಲ್ಲಜ್ಜಿ" ಎಂದು ನಿಮ್ಮಲ್ಲಿ ದೊಡ್ಡವಳು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿದಳು. ನಾನು ನಕ್ಕು ಒಳಗೆ ಹೋದೆ. ಎದುರಿಗೆ ಕೂತು ಕಥೆ ಹೇಳುವುದು ನನಗೆ ಈಗಲೂ ಕಷ್ಟ. ಏಳನೇ ತರಗತಿಯವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ, ಬರೆದಿದ್ದೇನೆ. ಮಿಲ್ಲಿನ ಹಿಂದಿನ ಕೋಣೆಯಲ್ಲಿ ನಾನು ಹಗಲೆಲ್ಲ ಮಾಡುವ ಕೆಲಸವನ್ನು ಯಾರು ಕಲಿಸಿದರು ಎನ್ನುವುದೂ ಇದರಲ್ಲಿ ಗೊತ್ತಾಗುತ್ತದೆ.

ಅವರ ಹೆಸರನ್ನು ಬರೆಯುವುದಿಲ್ಲ. ಬಾಗಿಲ ಮೇಲೆ ಒಂದು ಬೋರ್ಡು ಹಾಕಿಸಿ ಎಂದರೂ ಹಾಕಿಸದವರು ಅವರು. ಬೆಳಗೋಡಿನಲ್ಲಿ ಎಲ್ಲರೂ ಮೀಟರಮ್ಮ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ.

ಬೆಂಗಳೂರಿನಲ್ಲಿ, ಕರೆಂಟನ್ನು ಅಳೆಯುವ ಮೀಟರುಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅವರು ಹುಡುಗಿಯಾಗಿದ್ದಾಗ ಸೇರಿದವರು. ಬೇರೆಯವರು ಜೋಡಿಸಿಟ್ಟ ಮೀಟರು ನಿಜ ಹೇಳುತ್ತದೆಯೋ ಸುಳ್ಳು ಹೇಳುತ್ತದೆಯೋ ಎಂದು ನೋಡುವುದು ಅವರ ಕೆಲಸ. ಮದುವೆಯಾಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಕುಂದೂರಿನ ಕಡೆಯ ತಮ್ಮ ಊರಿಗೆ ಬಂದರು. ಅಣ್ಣನ ಮನೆಯ ಜಗಲಿಯಲ್ಲಿ ಸುಮ್ಮನೆ ಕೂರಲಾರದೆ ಬೆಳಗೋಡಿಗೆ ಬಂದು ನಮ್ಮ ಹಿಟ್ಟಿನ ಮಿಲ್ಲಿನ ಹಿಂದಿನ ಕೋಣೆ ಕೇಳಿದರು. ಆಗ ನಿಮ್ಮ ತಾತ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಮಿಲ್ಲನ್ನು ನಿಮ್ಮ ಚಿಕ್ಕತಾತ ನೋಡಿಕೊಳ್ಳುತ್ತಿದ್ದರು.

"ಎಂಥ ರಿಪೇರಿ ಮಾಡ್ತೀರ?" ಎಂದು ಚಿಕ್ಕತಾತ ಕೇಳಿದರು.

"ರಿಪೇರಿ ಮಾಡೋರ ಸಾಮಾನು ರಿಪೇರಿ ಮಾಡ್ತೀನಿ. ಡಾಕ್ಟ್ರಿಗೇ ಜ್ವರ ಬಂದ್ರೆ ಯಾರಾದ್ರೂ ನೋಡ್ಬೇಕಲ್ಲಪ್ಪ."

ಒಂದು ತಿಂಗಳಲ್ಲಿ ಕೋಣೆಯನ್ನು ಖಾಲಿ ಮಾಡುತ್ತಾರೆ ಎಂದು ನಿಮ್ಮ ಚಿಕ್ಕತಾತ ಅಂದುಕೊಂಡರು. ಆದರೆ ಜನ ಬಂದರು. ಟೀವಿ ರಿಪೇರಿಯವರು ತಮ್ಮ ಹಳೆಯ ಮುಳ್ಳಿನ ಮೀಟರು ತಂದರು. ಕಾಫಿ ಬೀಜದ ತೇವ ನೋಡುವ ಹಳೇ ಪೆಟ್ಟಿಗೆಗಳು ಬಂದವು. ಕಾಲೇಜಿನವರು ಮೂಲೆಗೆ ಹಾಕಿದ್ದ ಆಸಿಲೋಸ್ಕೋಪು ಬಂತು. ಕರೆಂಟು ಹೇಗೆ ಕುಣಿಯುತ್ತದೆ ಎಂದು ದುಂಡನೆಯ ಹಸಿರು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಪೆಟ್ಟಿಗೆ ಅದು. ಹೊಸದು ಸಿಗುವಾಗ ಹಳೆಯದನ್ನು ಯಾಕೆ ರಿಪೇರಿ ಮಾಡಿಸುತ್ತಾರೆ ಎಂದು ಕೇಳಬೇಡಿ. ನಲವತ್ತು ವರ್ಷ ಕೈಗೆ ಹೊಂದಿದ ಕತ್ತಿಯನ್ನು ಯಾರು ಬಿಸಾಕುತ್ತಾರೆ?

ನಾನು ಮೊದಲು ಆ ಕೋಣೆಗೆ ಹೋದದ್ದು ಟೀ ಕೊಡಲು. ಲೋಟ ಇಟ್ಟು ಹಿಂದಕ್ಕೆ ತಿರುಗಬೇಕು, ಅಕ್ಕ ತಲೆ ಎತ್ತದೆ, "ಈ ಟಾರ್ಚು ಹಿಡ್ಕಾ" ಎಂದರು. ಹಿಡಿದೆ. "ಕೈ ನಡುಗಲ್ಲ ನಿಂದು" ಎಂದರು. ಮರುದಿನ ಟೀ ಲೋಟ ಇಡುವ ಮೊದಲೇ ಟಾರ್ಚು ನನ್ನ ಕೈಗೆ ಬಂತು. ಹೀಗೆ ಸೇರಿಕೊಂಡೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಅವರು ಕೆಲಸ ಮಾಡುವಾಗ ಎಡಗೈಯನ್ನು ಯಾವಾಗಲೂ ಬೆನ್ನ ಹಿಂದೆ, ಸೊಂಟದ ಸೆರಗಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೈ ನೋವೇನೋ ಎಂದುಕೊಂಡಿದ್ದೆ. ಒಂದು ದಿನ ನಾನು ತೆರೆದ ಪೆಟ್ಟಿಗೆಯ ಎರಡು ಪಕ್ಕವನ್ನೂ ಎರಡು ಕೈಯಲ್ಲಿ ಹಿಡಿದಾಗ ಮಣಿಕಟ್ಟಿಗೆ ಪಟ್ಟನೆ ಏಟು ಬಿತ್ತು. "ಒಂದು ಕೈಯಿಂದ ಹೊಕ್ಕ ಕರೆಂಟು ಇನ್ನೊಂದು ಕೈಯಿಂದ ಹೊರಗೆ ಹೋಗ್ತದೆ. ಮಧ್ಯದಾಗೆ ಏನೈತೆ ಹೇಳು?" ನಾನು ಎದೆ ಮುಟ್ಟಿಕೊಂಡೆ. "ಹ್ಞಾಂ. ಅದಕ್ಕೇ ಒಂದು ಕೈ ಮನೇಲಿ ಬುಟ್ಟು ಬರ್ಬೇಕು." ವಯಸ್ಸಾದ ಮೇಲೆ ಅವರು ಬಸ್ಸಿಗೆ ಕಾಯುವಾಗಲೂ ಎಡಗೈ ಸೆರಗಿನೊಳಗೇ ಇರುತ್ತಿತ್ತು.

ಯಾವ ಪೆಟ್ಟಿಗೆ ಬಂದರೂ ತಿರುಪುಳಿಗೆ ಕೈ ಹಾಕುವ ಮೊದಲು ಮೂಸಿ ನೋಡುತ್ತಿದ್ದರು. ಸುಟ್ಟ ಅರಗಿನ ವಾಸನೆಯಾದರೆ ಒಂದು ರೋಗ, ಕೊಳೆತ ಬೆಳ್ಳುಳ್ಳಿಯ ವಾಸನೆಯಾದರೆ ಇನ್ನೊಂದು. ಆಮೇಲೆ ತಂದವರನ್ನು ಕೇಳುತ್ತಿದ್ದರು: ಎಲ್ಲಿ ಇಟ್ಟಿದ್ದೆ, ಯಾರು ಮುಟ್ಟಿದರು, ಕೆಡುವ ಮುಂಚಿನ ದಿನ ಏನಾಯಿತು. "ಅರ್ಧ ಕಾಯಿಲೆ ಪೆಟ್ಟಿಗೆ ಒಳಗಿಲ್ಲ ಕಣೇ, ತಂದೋನ ಬಾಯಾಗೈತೆ."

ಅದು ಸುಳ್ಳಲ್ಲ. ಹೆತ್ತೂರಿನ ಕಡೆಯ ಟೀವಿ ರಿಪೇರಿಯವನೊಬ್ಬ ಪ್ರತಿ ವರ್ಷ ದಸರಾ ಕಳೆದ ವಾರಕ್ಕೆ ಸರಿಯಾಗಿ ಮೀಟರು ಹೊತ್ತು ಬರುತ್ತಿದ್ದ. ಮುಳ್ಳು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೂರನೆಯ ವರ್ಷ ಅಕ್ಕ ಗಾಜು ಬಿಚ್ಚಿ, ಒಳಗಿಂದ ಚಿಮಟದಲ್ಲಿ ಕೆಂಪಗಿನ ಚೂರೊಂದನ್ನು ಎತ್ತಿ ಅವನ ಅಂಗೈ ಮೇಲಿಟ್ಟರು. ಗಂಧದಲ್ಲಿ ಕಲಸಿದ ಕುಂಕುಮ ಒಣಗಿ ಉದುರಿದ್ದು.

"ಆಯುಧಪೂಜೆ ಜೋರು ಮಾಡ್ತೀಯ ಅಂತ ಕಾಣ್ತದೆ."

"ಅನ್ನ ಕೊಡೋ ಮೀಟರು ಅಲ್ವೇನಮ್ಮ, ಪೂಜೆ ಮಾಡ್ದಿದ್ರೆ ಹೆಂಗೆ?"

"ಮಾಡೋ ಮಾರಾಯ, ಯಾರು ಬ್ಯಾಡ ಅಂದ್ರು? ದೇವರಿಗೂ ಹಣೆಗೆ ಇಡ್ತಾರೆ. ನೀನು ಕಣ್ಣಿಗೇ ಮೆತ್ತಿದೀಯಲ್ಲೋ!"

ಇನ್ನು ಕೆಲವರು ಮಳೆಗಾಲದಲ್ಲಿ ತೇವ ತಾಗಬಾರದೆಂದು ಮೀಟರನ್ನು ಒಲೆಯ ಮೇಲಿನ ಅಟ್ಟಕ್ಕೆ, ಒಣಮೆಣಸಿನಕಾಯಿಯ ಪಕ್ಕಕ್ಕೆ ಏರಿಸುತ್ತಿದ್ದರು. ತೇವವೇನೋ ತಾಗುತ್ತಿರಲಿಲ್ಲ. ಮಸಿ ಕೂತು, ಆ ಮಸಿಯ ಮೇಲೇ ಕರೆಂಟು ದಾರಿ ಮಾಡಿಕೊಂಡು ಅಳತೆ ತಪ್ಪುತ್ತಿತ್ತು. ಅಂಥ ಮೀಟರು ತೆರೆದಾಗ ಕೋಣೆಯೆಲ್ಲ ಮೆಣಸಿನಕಾಯಿಯ ಘಾಟು. ಅಕ್ಕ ಸೀನುತ್ತ, "ಒಗ್ಗರಣೆ ಹಾಕಿ ಕಳ್ಸವ್ರೆ" ಎನ್ನುತ್ತಿದ್ದರು.

ಒಮ್ಮೆ ನಾನು ಒಂದು ಮೀಟರಿನ ಗಾಜನ್ನು ಚೆನ್ನಾಗಿ ಹೊಳೆಯಲಿ ಎಂದು ನನ್ನ ನೈಲಾನ್ ಸೀರೆಯ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಮಾಗಿಯ ಒಣ ಹವೆ. ಏನೂ ಜೋಡಿಸದಿದ್ದರೂ ಮುಳ್ಳು ತಾನಾಗಿಯೇ ಮೇಲೆದ್ದು ನಡುವೆ ನಿಂತಿತು. ಕೆಡಿಸಿಬಿಟ್ಟೆ ಎಂದು ನನಗೆ ಅಳು ಬಂತು. ಅಕ್ಕ ಬಂದು ನೋಡಿ ಗಾಜಿನ ಮೇಲೆ "ಹಾ" ಎಂದು ಉಸಿರು ಬಿಟ್ಟರು. ಮುಳ್ಳು ಮೆಲ್ಲಗೆ ಇಳಿಯಿತು. "ತಿಕ್ಕಿದ್ರೆ ಗಾಜಿಗೂ ಸಿಟ್ಟು ಬರ್ತದೆ. ಉಸಿರಿನ ತೇವ ಸಾಕು, ಇಳೀತದೆ" ಎಂದು ನಗುತ್ತ ಹೊರಟುಹೋದರು.

ಮಿಲ್ಲಿನ ಯಂತ್ರ ತಿರುಗುವಾಗ ನಮ್ಮ ಗೋಡೆ ನಡುಗುತ್ತಿತ್ತು, ಗೋಡೆಯ ಜೊತೆಗೆ ಮುಳ್ಳುಗಳೂ. ಆದ್ದರಿಂದ ಸೂಕ್ಷ್ಮದ ಕೆಲಸವನ್ನೆಲ್ಲ ಅಕ್ಕ ಮಿಲ್ಲು ನಿಲ್ಲುವ ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದರು. ಊರೆಲ್ಲ ಉಂಡ ಮೇಲೆ ನಾವು ಉಣ್ಣುತ್ತಿದ್ದೆವು.

ಮೇಜಿನ ಮೇಲೆ ಏಳು ತೆಂಗಿನ ಚಿಪ್ಪುಗಳು ಸಾಲಾಗಿರುತ್ತಿದ್ದವು. ಒಂದು ಪೆಟ್ಟಿಗೆ ಬಿಚ್ಚುವಾಗ ಮೊದಲು ಬಂದ ತಿರುಪು ಮೊದಲ ಚಿಪ್ಪಿಗೆ, ಆಮೇಲೆ ಬಂದದ್ದು ಎರಡನೆಯದಕ್ಕೆ, ಹೀಗೆ ಎಡದಿಂದ ಬಲಕ್ಕೆ. ಜೋಡಿಸುವಾಗ ಬಲದಿಂದ ಎಡಕ್ಕೆ. ಏಳೂ ಚಿಪ್ಪು ಬರಿದಾದರೆ ಪೆಟ್ಟಿಗೆ ತುಂಬಿತು ಎಂದು ಲೆಕ್ಕ. ಅಷ್ಟಾದ ಮೇಲೂ ಒಂದು ಕಡೇ ಪರೀಕ್ಷೆ ಇತ್ತು. ಮೀಟರಿನ ಎರಡು ವಯರಿನ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಮುಳ್ಳು ಸೊನ್ನೆಗೆ ಬರುತ್ತದೆಯೇ ಎಂದು ನೋಡುವುದು. ಸೊನ್ನೆ ತೋರಿಸಲಾರದ ಮೀಟರು ಬೇರೆ ಏನು ತೋರಿಸಿದರೂ ನಂಬಬಾರದು ಎನ್ನುತ್ತಿದ್ದರು.

ಆ ಪರೀಕ್ಷೆಯನ್ನು ಅಕ್ಕ ಒಂದೇ ಒಂದು ಸಲ ಬಿಟ್ಟರು. ಅದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ.

ಅದು ಕಾಫಿ ಹಣ್ಣು ಕೊಯ್ಯುವ ಕಾಲ. ಆಲೂರಿನಲ್ಲಿ ಮೋಟಾರು ವೈಂಡಿಂಗ್ ಮಾಡುವ ಶೇಖರ ತನ್ನ ಮೆಗ್ಗರ್ ಕೊಟ್ಟುಹೋಗಿದ್ದ. ಮೆಗ್ಗರ್ ಎಂದರೆ ಪಕ್ಕದಲ್ಲಿ ಹಿಡಿಕೆ ಇರುವ ಭಾರದ ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ಮೋಟಾರಿನ ಒಳಗಿನ ಕರೆಂಟು ಅದರ ಮೈಗೆ ಸೋರುತ್ತದೆಯೋ ಎಂದು ಹೇಳುತ್ತದೆ. ಮೋಟಾರು ಚೆನ್ನಾಗಿದ್ದರೆ ಮುಳ್ಳು ಒಂದು ತುದಿಗೆ, ಅಡ್ಡ ಮಲಗಿದ ಎಂಟರಂಥ ಗುರುತಿಗೆ ಹೋಗುತ್ತದೆ. ಸೋರುತ್ತಿದ್ದರೆ ಇನ್ನೊಂದು ತುದಿಯ ಸೊನ್ನೆಗೆ ಬೀಳುತ್ತದೆ. ಇದರಲ್ಲಿ ಒಂದು ಮೋಸ ಇದೆ. ವಯರುಗಳನ್ನು ಯಾವುದಕ್ಕೂ ಜೋಡಿಸದೆ ತಿರುಗಿಸಿದರೂ ಮುಳ್ಳು ಮಲಗಿದ ಎಂಟಕ್ಕೇ ಹೋಗುತ್ತದೆ. ಅಂದರೆ ಒಳಗೆ ದಾರಿ ಕಡಿದಿರುವ ಮೆಗ್ಗರಿಗೆ ಲೋಕದ ಎಲ್ಲ ಮೋಟಾರೂ ಒಳ್ಳೆಯದೇ.

ಶೇಖರ ಮೆಗ್ಗರ್ ಒಯ್ಯಲು ಬಂದ ಹೊತ್ತಿಗೇ ಮೈಸೂರಿನಿಂದ ಒಬ್ಬ ಸಾಹೇಬರು ಬಂದಿದ್ದರು. ಹಳೆಯ ಉಪಕರಣಗಳನ್ನು ಕೂಡಿಡುವ ಹವ್ಯಾಸ ಅವರದು. ಎಷ್ಟೋ ಕಡೆ ತೋರಿಸಿ ಕೈಬಿಟ್ಟಿದ್ದ ಅವರ ಆಸಿಲೋಸ್ಕೋಪನ್ನು ಅಕ್ಕ ಬದುಕಿಸಿಕೊಟ್ಟಿದ್ದರು. ಸಾಹೇಬರು ಹಸಿರು ಗೆರೆ ನೋಡಿ ಮಗುವಿನಂತೆ ಚಪ್ಪಾಳೆ ತಟ್ಟಿದರು, ಸಿಹಿಯ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟರು, "ಇಂಥ ಕೈ ನಾನು ಎಲ್ಲೂ ನೋಡಲಿಲ್ಲಮ್ಮ" ಎಂದರು. ಅಕ್ಕನ ಮುಖ ಕೆಂಪಾಯಿತು. ಅತ್ತ ಶೇಖರನ ಅವಸರ. "ಅಮ್ಮಾ, ಹೆತ್ತೂರ ಕಡೆ ಎಸ್ಟೇಟಲ್ಲಿ ಪಲ್ಪರ್ ಮೋಟಾರಿಗೆ ನೀರು ಹೋಗ್ಬುಟ್ಟೈತೆ. ನಿನ್ನೆಯಿಂದ ಹಣ್ಣು ಹುಳೀತಾ ಬಿದ್ದೈತೆ. ಬೇಗ ಕೊಡಿ."

ಅಕ್ಕ ಸಾಹೇಬರ ಜೊತೆ ಮಾತಾಡುತ್ತಲೇ ಮೆಗ್ಗರಿನ ಮುಚ್ಚಳ ಹಾಕಿ ತಿರುಪು ಬಿಗಿದರು. ವಯರುಗಳು ಮೇಜಿನ ಮೇಲೆ ಬೇರೆ ಬೇರೆ ಬಿದ್ದಿದ್ದಂತೆಯೇ ಹಿಡಿಕೆ ತಿರುಗಿಸಿದರು. ಮುಳ್ಳು ಮಲಗಿದ ಎಂಟಕ್ಕೆ ಹೋಯಿತು. "ತಗಾ, ಹೋಗು" ಎಂದರು.

ವಯರು ಮುಟ್ಟಿಸಲಿಲ್ಲ. ನಾನು ನೋಡಿದೆ. ಹೇಳಲಿಲ್ಲ.

ಸಾಹೇಬರು ಹೊರಟ ಮೇಲೆ ನಾನು ಮೇಜು ಒರೆಸಲು ಸಿಹಿಯ ಡಬ್ಬಿ ಎತ್ತಿದೆ. ಅದು ಕೂತಿದ್ದದ್ದು ಏಳನೆಯ ಚಿಪ್ಪಿನ ಮೇಲೆ. ಚಿಪ್ಪಿನೊಳಗೆ ಉಗುರಿನಷ್ಟು ಅಗಲದ ಹಿತ್ತಾಳೆಯ ಪಟ್ಟಿ. ಮೆಗ್ಗರಿನ ಒಳಗೆ ವಯರಿನಿಂದ ಮುಳ್ಳಿನವರೆಗೆ ಕರೆಂಟು ಒಯ್ಯಬೇಕಾದ ಪಟ್ಟಿ ಅದು.

"ಅಕ್ಕ" ಎಂದು ಚಿಪ್ಪನ್ನು ಮುಂದೆ ಹಿಡಿದೆ.

ಅವರು ಒಂದು ಸಲ ನೋಡಿದರು, ಅಷ್ಟೇ. "ಶೇಖರನಿಗೆ ಫೋನ್ ಮಾಡು" ಎಂದರು. ಹತ್ತಲಿಲ್ಲ. ಆ ಕಡೆ ಸಿಗ್ನಲ್ ಇಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನು ಹೋಗಿ ಒಂದು ಗಂಟೆಯಾಗಿತ್ತು. ಅಕ್ಕ ಚಪ್ಪಲಿ ಮೆಟ್ಟಿ ಮಿಲ್ಲಿಗೆ ಹೋಗಿ ನಿಮ್ಮ ಚಿಕ್ಕತಾತನಿಗೆ ಪಿಕಪ್ ತೆಗೆಯಲು ಹೇಳಿದರು.

ಚಿಕ್ಕತಾತ ವಿಷಯ ಕೇಳಿ, "ನಾಳೆ ಅವನಿಗೊಬ್ಬನಿಗೇ ಹೇಳಿದ್ರಾಗಲ್ವಕ್ಕಾ? ಎಸ್ಟೇಟಿಗೇ ಹೋಗಿ ಹೇಳಿದ್ರೆ ನಿಮ್ಮ ಹೆಸ್ರು ಕೆಡ್ತದೆ. ಮೋಟಾರು ಚೆನ್ನಾಗಿದ್ರೂ ಇರ್ಬೋದು" ಎಂದರು.

"'ಇದ್ರೂ ಇರ್ಬೋದು' ಅನ್ನೋ ಗುರುತು ಯಾವ ಮೀಟರಲ್ಲೂ ಬರ್ದಿಲ್ಲ ಮಾರಾಯ. ಗಾಡಿ ತೆಗಿ."

ಸಕಲೇಶಪುರ ದಾಟಿ ಹೆತ್ತೂರಿನ ತಿರುವುಗಳನ್ನು ಹತ್ತುವಾಗ ಅಕ್ಕ ಹಿತ್ತಾಳೆಯ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನನ್ನ ಕಣ್ಣಿಗೆ ಕಟ್ಟಿದ್ದು ಪಲ್ಪಿಂಗ್ ಅಂಗಳ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಸುತ್ತ ಹೆಂಗಸರು ದಿನವಿಡೀ ಬರಿಗಾಲಲ್ಲಿ ನೀರಿನಲ್ಲಿ ನಿಂತಿರುತ್ತಾರೆ. ಸೋರುವ ಮೋಟಾರಿಗೆ ಕರೆಂಟು ಕೊಟ್ಟರೆ ಮೊದಲು ಯಂತ್ರ ಮುಟ್ಟಿದವಳ ಗತಿ ಏನು?

ನಾವು ಹೋದಾಗ ಮೋಟಾರನ್ನು ಕೂರಿಸಿ ಬೆಲ್ಟು ಹಾಕಿಯಾಗಿತ್ತು. ಹತ್ತು ಹನ್ನೆರಡು ಹೆಂಗಸರು ಬುಟ್ಟಿ ಹಿಡಿದು ಸುತ್ತ ನಿಂತಿದ್ದರು, ಪಾದ ಮುಳುಗುವಷ್ಟು ನೀರು. ಶೇಖರ ಕೈ ಒರೆಸಿಕೊಳ್ಳುತ್ತ ಸ್ವಿಚ್ಚಿನ ಹಲಗೆಯ ಕಡೆ ಹೆಜ್ಜೆ ಹಾಕುತ್ತಿದ್ದ.

"ಶೇಖರಾ, ಸ್ವಿಚ್ ಮುಟ್ಬ್ಯಾಡ ಕಣೋ!"

ಅಷ್ಟು ದೊಡ್ಡ ಸ್ವರ ಅಕ್ಕನ ಒಳಗಿತ್ತೆಂದು ನನಗೆ ಗೊತ್ತಿರಲಿಲ್ಲ. ಶೇಖರ ನಿಂತ. "ಯಾಕಮ್ಮ? ಮೋಟಾರು ಫಸ್ಟ್ ಕ್ಲಾಸಾಗೈತೆ. ನಿಮ್ಮ ಮೆಗ್ಗರೇ ಹೇಳ್ತಲ್ಲ."

"ಮೆಗ್ಗರ್ ಸುಳ್ಳು ಹೇಳೈತೆ. ಅದರ ತಪ್ಪಲ್ಲ, ನಂದು. ಒಳಗಿನ ಒಂದು ಪಟ್ಟಿ ಹಾಕೋದು ಮರೆತೆ. ಮರೆತಿದ್ದು ಸಾಲ್ದು ಅಂತ ಕೊನೇ ಪರೀಕ್ಷೇನೂ ಮಾಡ್ಲಿಲ್ಲ."

ಎಸ್ಟೇಟಿನ ಲೆಕ್ಕ, ಆಳುಗಳನ್ನೆಲ್ಲ ನೋಡಿಕೊಳ್ಳುವ ರೈಟರು ಮುಂದೆ ಬಂದರು. "ಏನ್ರಮ್ಮ ಇದು, ಇಲ್ಲಿ ಹಣ್ಣು ಕೊಳೀತಾ ಐತೆ, ನೀವು ಮರೆವಿನ ಕಥೆ ಹೇಳ್ತಾ ಇದೀರ. ಹೆಂಗಸರ ಕೈಗೆ ರಿಪೇರಿ ಕೊಟ್ರೆ ಇಷ್ಟೇ. ಏಯ್ ಶೇಖರ, ಹಾಕೋ ಸ್ವಿಚ್ಚು."

ಆಗ ನೀರಿನಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬಳು ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು. "ರೈಟ್ರೇ, ನೀವು ಬೂಟ್ ಹಾಕ್ಕಂಡು ಮೆಟ್ಲ ಮ್ಯಾಲೆ ನಿಂತಿದೀರ. ನೀರಾಗೆ ನಿಂತಿರೋರು ನಾವು. ಆಯಮ್ಮ ಅಷ್ಟು ದೂರದಿಂದ ಬಂದೈತೆ, ಏನು ಅಂತ ಕೇಳಾನ."

ಅಕ್ಕ ಬೋರಲು ಹಾಕಿದ ಬುಟ್ಟಿಯ ಮೇಲೆ ಮೆಗ್ಗರ್ ಇಟ್ಟು, ಎಲ್ಲರನ್ನೂ ಹತ್ತಿರ ಕರೆದರು. ಎರಡು ವಯರಿನ ತುದಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಿಡಿಕೆ ತಿರುಗಿಸಿದರು. ಸೊನ್ನೆಗೆ ಬೀಳಬೇಕಾಗಿದ್ದ ಮುಳ್ಳು ಮಲಗಿದ ಎಂಟಕ್ಕೆ ಹೋಗಿ ಕೂತಿತು. ಶೇಖರನಿಗೆ ಅಷ್ಟರಲ್ಲೇ ಅರ್ಥವಾಯಿತು. ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಅಕ್ಕ ಮುಚ್ಚಳ ಬಿಚ್ಚಿ ಪಟ್ಟಿ ಕೂರಿಸಿದರು. ನಾನು ಟಾರ್ಚು ಹಿಡಿದಿದ್ದೆ. ಮತ್ತೆ ವಯರು ಮುಟ್ಟಿಸಿ ತಿರುಗಿಸಿದಾಗ ಮುಳ್ಳು ಸೊನ್ನೆಗೆ ಬಂತು. ಆಮೇಲೆ ಮೋಟಾರಿಗೆ ಹಚ್ಚಿ ತಿರುಗಿಸಿದರು. ಆಗಲೂ ಸೊನ್ನೆಗೇ ಬಂತು. ಮೋಟಾರು ಪೂರ್ತಿ ಸೋರುತ್ತಿತ್ತು.

"ಅದನ್ನ ಮುಟ್ಟಿದ್ರೆ ಏನಾಗ್ತಿತ್ತವ್ವ?" ಎಂದು ಆ ಹೆಂಗಸು ಕೇಳಿದಳು.

"ಮುಟ್ಟಿದೋರು ಬಿಡಿಸ್ಕಳಕ್ಕೆ ಆಗ್ತಿರಲಿಲ್ಲ ಕಣವ್ವ."

ಹೆಂಗಸರು ಒಬ್ಬೊಬ್ಬರಾಗಿ ನೀರಿನಿಂದ ಮೇಲೆ ಬಂದರು. ರೈಟರು ಪಕ್ಕದ ಎಸ್ಟೇಟಿನಿಂದ ಬೇರೆ ಮೋಟಾರು ತರಿಸಲು ಜೀಪು ಕಳಿಸಿದರು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಅಕ್ಕ, ನೀವು ವಯರು ಮುಟ್ಟಿಸ್ದೇ ಇದ್ದಿದ್ದನ್ನ ನಾನು ನೋಡಿದ್ದೆ" ಎಂದೆ.

"ಯಾಕೆ ಹೇಳ್ಲಿಲ್ಲ?"

"ಆ ಸಾಹೇಬರ ಮುಂದೆ ನಿಮಗೆ ಹೆಂಗೆ ಹೇಳೋದು ಅಂತ..."

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ನನ್ನ ತಪ್ಪು ನಾನು ಅಂಗಳದಾಗೆ ನಿಂತು ಹೇಳ್ದೆ. ನೀನು ನಿಂದನ್ನ ಗಾಡಿ ಒಳಗೆ ಪಿಸುಗುಟ್ತಾ ಇದೀಯ" ಎಂದರು. ಸ್ವಲ್ಪ ದೂರ ಬಂದ ಮೇಲೆ, "ನಿನ್ನ ನಾಚಿಕೆ ನಿಂಗೊಬ್ಬಳಿಗೇ ಸೇರಿದ್ದು ಅಂತ ತಿಳ್ಕಂಡಿದ್ದೆ. ಅದು ಇನ್ನೊಬ್ಬರ ಪ್ರಾಣಕ್ಕೆ ಬರೋದಾದ್ರೆ ಬ್ಯಾಡ. ನಾಳೆಯಿಂದ ಕೊನೇ ಪರೀಕ್ಷೆ ನಿಂದು. ಗಿರಾಕಿ ಮುಂದೆ, ನನ್ನ ಮುಂದೆ, ಬಾಯಿ ಬಿಟ್ಟು ಹೇಳ್ಬೇಕು. ಬಂತು ಅಂದ್ರೆ ಬಂತು, ಇಲ್ಲ ಅಂದ್ರೆ ಇಲ್ಲ" ಎಂದರು.

ಮೊದಲ ದಿನಗಳಲ್ಲಿ ನನ್ನ ಸ್ವರ ಗಂಟಲಿನಲ್ಲೇ ಉಳಿಯುತ್ತಿತ್ತು. ಅಕ್ಕ ಕೇಳಿಸದವರಂತೆ ಕಿವಿಯ ಹಿಂದೆ ಕೈ ಇಟ್ಟು, "ಏನಂದೆ? ಮಿಲ್ಲಿನ ಸದ್ದಾಗೆ ತಿಳೀಲಿಲ್ಲ" ಎನ್ನುತ್ತಿದ್ದರು, ಮಿಲ್ಲು ನಿಂತಿರುವಾಗಲೂ. ಎರಡು ತಿಂಗಳಲ್ಲಿ "ಸೊನ್ನೆ ಬಂತು" ಎಂದು ಹೊರಗಿನ ಕಟ್ಟೆಯ ಮೇಲೆ ಕೂತವರಿಗೂ ಕೇಳಿಸುವ ಹಾಗೆ ಹೇಳತೊಡಗಿದೆ. ಹೆಸರು ಕೆಡುತ್ತದೆ ಎಂದು ನಿಮ್ಮ ಚಿಕ್ಕತಾತ ಹೆದರಿದ್ದರಲ್ಲ, ಆ ವರ್ಷವೇ ಆ ಎಸ್ಟೇಟಿನ ರೈಟರು ತಮ್ಮ ಸ್ಟೋರಿನ ಎರಡು ಮೀಟರನ್ನು ತಾವೇ ಹೊತ್ತು ತಂದರು. "ತಪ್ಪಾದ್ರೆ ಬಂದು ಹೇಳೋರು ನೀವೊಬ್ರೇ" ಎಂದರು.

"ಬಂತು" ಎನ್ನುವುದು ಸುಲಭ. ಇನ್ನೊಂದು ಮಾತು ಹೇಳುವ ದಿನವೂ ಬಂತು. ಹಾಸನದ ಕಾಲೇಜಿನ ಮೇಷ್ಟ್ರೊಬ್ಬರು ಒಳಗೆ ಗಾಜಿನ ವಾಲ್ವುಗಳು ಉರಿಯುವ ಹಳೆಯ ವೋಲ್ಟ್‌ಮೀಟರು ಕೊಟ್ಟಿದ್ದರು. ಅಕ್ಕ ನಾಲ್ಕು ದಿನ ಅದರ ಮೇಲೆ ಬಗ್ಗಿ ಕೂತಿದ್ದರು. ಅದನ್ನು ಒಯ್ಯುವ ದಿನ ಮೇಷ್ಟ್ರು ಕಾರನ್ನು ಚಾಲೂ ಇಟ್ಟೇ ಒಳಗೆ ಬಂದರು. ನಾನು ವಯರು ಮುಟ್ಟಿಸಿದೆ. ಮುಳ್ಳು ಇಳಿಯಿತು, ಆದರೆ ಸೊನ್ನೆಗಿಂತ ಒಂದು ಕೂದಲೆಳೆ ಮೇಲೆ ನಿಂತಿತು.

ಅಕ್ಕ ಮೀಟರಿನ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಬಂದಿಲ್ಲ" ಎಂದೆ.

ಮೇಷ್ಟ್ರು ಬಗ್ಗಿ ನೋಡಿ, "ಅಷ್ಟು ವ್ಯತ್ಯಾಸ ನಡೆಯುತ್ತಮ್ಮ, ಪರವಾಗಿಲ್ಲ, ಕಟ್ಟಿಕೊಡಿ" ಎಂದರು.

"ಬಂದಿಲ್ಲ ಸಾರ್" ಎಂದೆ ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ.

ಅಕ್ಕ ತಿರುಪುಳಿ ಕೈಗೆತ್ತಿಕೊಂಡರು. "ಕಾರು ಆಫ್ ಮಾಡಿ ಬನ್ನಿ ಸಾರ್" ಎಂದರು. "ಅವಳು ಬಂದಿಲ್ಲ ಅಂದ್ರೆ ಬಂದಿಲ್ಲ."

ನಾನು ಮೇಷ್ಟ್ರಿಗೆ ಕುರ್ಚಿ ತಂದು ಹಾಕಿದೆ.